ಗೋಡೆಯ ಮೇಲಿನ ಪಟ್ಟದ ಗೊಂಬೆ

ರಜೆಗೆಂದು ಅಕ್ಕನ ಮನೆಗೆ ಬಂದವಳು, ಕೋವಿಡ್‌ನಿಂದ ಮಲೇಷ್ಯಾದ ಗಡಿ ಮುಚ್ಚಿದಾಗ ಮಾಂಟ್ ಕಿಯಾರಾ ಬಡಾವಣೆಯ ಅವಳ ಕಾಂಡೋ ಫ್ಲ್ಯಾಟಿನಲ್ಲೇ ಉಳಿದುಬಿಟ್ಟೆ. ಹಾಲಿನ ಗೋಡೆಯ ಮೇಲೆ ಮನೆ ಮಾಲೀಕಳಾದ ಚೀನೀ ಆಂಟಿ ಹಾಕಿಸಿದ್ದ ಕ್ಯಾನ್ವಾಸ್ ಪ್ರಿಂಟುಗಳು: ಚೀನಾದ ಹಳೆಯ ಅರಮನೆಗಳ ರಾಣಿಯರು. ನಡುವೆ ಮಹಾರಾಣಿ, ಮುತ್ತಿನ ಕುಚ್ಚು ಇಳಿಬಿದ್ದ ಕಿರೀಟ, ಹಳದಿ ನಿಲುವಂಗಿ. ಅವರ ಕಣ್ಣೆದುರೇ ಉಂಡೆವು, ಜಗಳವಾಡಿದೆವು, ಮತ್ತೆ ಉಂಡೆವು. ಲಿಫ್ಟ್ ನಿಂತ ಸದ್ದಾದರೆ ಅಕ್ಕ, ಭಾವ, ನಾನು ಮೂವರೂ ತಲೆಯೆತ್ತುತ್ತಿದ್ದೆವು. ಪಕ್ಕದ ಮನೆಯ ಬಾಗಿಲಿಗೆ ಯಾರೋ ಊಟದ ಪೊಟ್ಟಣ ಇಟ್ಟು ಹೋಗಿರುತ್ತಿದ್ದರು, ಅಷ್ಟೆ.

ದಸರಾ ಬಂತು, ಮದುವೆಯಾದ ಮೇಲೆ ಅಕ್ಕನ ಮೊದಲ ದಸರಾ. ನಮ್ಮಲ್ಲಿ ತವರಿನವರು ಮಗಳಿಗೆ ಪಟ್ಟದ ಗೊಂಬೆ ಕೊಡಬೇಕು, ರಾಜ ರಾಣಿಯ ಜೋಡಿ. ಅವಳು ಅದನ್ನು ಕೂರಿಸಿ, ನೋಡಲು ಬಂದ ಹೆಣ್ಣುಮಕ್ಕಳಿಗೆ ಕುಂಕುಮ ಕೊಡಬೇಕು. ಅಮ್ಮ ತಾನೇ ತರುತ್ತೇನೆಂದು ಗೊಂಬೆಗಳನ್ನು ಮೈಸೂರಿನಲ್ಲೇ ಇಟ್ಟುಕೊಂಡಿದ್ದಳು. ಈಗ ಗೊಂಬೆಯೂ ಬರುವಂತಿಲ್ಲ, ಅಮ್ಮನೂ ಬರುವಂತಿಲ್ಲ. ಅಕ್ಕಪಕ್ಕದವರೂ ಒಬ್ಬರ ಮನೆಗೊಬ್ಬರು ಹೋಗುವಂತಿಲ್ಲ.

ಅಕ್ಕ ಮಹಾರಾಣಿಯ ಕೆಳಗೆ ಶೂ ಡಬ್ಬಗಳನ್ನು ಮೆಟ್ಟಿಲಿನಂತೆ ಜೋಡಿಸಿ ಬಿಳಿ ಪಂಚೆ ಹೊದಿಸಿದಳು.

“ಇದೇನೇ ಅಕ್ಕ?”

“ನನ್ನ ಪಟ್ಟದ ಗೊಂಬೆ. ಅವಳೂ ಪಟ್ಟದರಸಿ ತಾನೆ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ಸುಮ್ಮನಿರಲಿಲ್ಲ. “ಮೊದಲನೇದು, ಅದು ಗೊಂಬೆ ಅಲ್ಲ, ಪ್ರಿಂಟು. ಎರಡನೇದು, ಜೋಡಿ ಬೇಕು. ರಾಜ ಎಲ್ಲಿ?”

“ಮೀಟಿಂಗಲ್ಲಿದಾನೆ,” ಎಂದು ಅಕ್ಕ ಭಾವನ ಕೋಣೆಯ ಮುಚ್ಚಿದ ಬಾಗಿಲು ತೋರಿಸಿದಳು.

“ಮೆಲ್ಲಗೆ ಲಾ! ಕ್ಲೈಂಟಿಗೆ ಕೇಳಿಸ್ತಿದೆ!” ಅಲ್ಲಿನವರ ‘ಲಾ’ ಹಚ್ಚಿ ಭಾವ ಒಳಗಿನಿಂದ ಕೂಗಿದರು.

ನಾನು ಬಿಡಲಿಲ್ಲ. “ಮೂರನೇದು, ಅರಮನೆ ಸೇರಿದ ಮೇಲೆ ಇವರಲ್ಲಿ ಎಷ್ಟೋ ಜನ ತವರಿನ ಮುಖಾನೇ ನೋಡಲಿಲ್ಲ. ಇಂಥವಳನ್ನ ಶುಭಕ್ಕೆ ಕೂರಿಸ್ತೀಯಾ?”

ಅಕ್ಕ ಪಂಚೆಯ ನೆರಿಗೆ ಸರಿಮಾಡುತ್ತ ಕೂತಳು. ಸ್ಪರ್ಧೆಯಲ್ಲಾಗಿದ್ದರೆ ಅದು ನನ್ನ ಗೆಲುವು.

ಪ್ರತಿ ಸಂಜೆ ಅಕ್ಕ ರೇಷ್ಮೆ ಸೀರೆಯುಟ್ಟು, ಬಂದವರಿಗೆಂದು ಕೋಡುಬಳೆ ಕರಿದಿಟ್ಟು, ಕುಂಕುಮದ ಬಟ್ಟಲು ಹಿಡಿದು ಕೂರುತ್ತಿದ್ದಳು.

“ಯಾರೂ ಬರಲ್ಲ ಅಂತ ಗೊತ್ತಲ್ಲ?”

“ಗೊತ್ತು. ನೀನು ಕೋಡುಬಳೆ ತಿನ್ನು, ಬಾಯಿಗೆ ಕೆಲಸ ಆಗತ್ತೆ.”

ವಿಜಯದಶಮಿಯ ಸಂಜೆಯವರೆಗೂ ಯಾರೂ ಕರೆಗಂಟೆ ಒತ್ತಲಿಲ್ಲ. ಅಕ್ಕ ಎದ್ದಳು. ಒದ್ದೆ ಬೆರಳನ್ನು ಬಟ್ಟಲಿಗೆ ಅದ್ದಿ ಮಹಾರಾಣಿಯ ಹಣೆಗೆ ಒತ್ತಿಬಿಟ್ಟಳು.

“ಅಕ್ಕಾ! ಅದು ಆಂಟಿಯ ಚಿತ್ರ!” ನಾನು ಒದ್ದೆ ಬಟ್ಟೆ ತಂದು ಉಜ್ಜಿದೆ. ಕೆಂಪು ಹುಬ್ಬಿನವರೆಗೂ ಹರಡಿಕೊಂಡಿತು.

ಅಕ್ಕ ನನ್ನ ಮಣಿಕಟ್ಟು ಹಿಡಿದಳು. “ಅಳಿಸಬೇಡ ಕಣೇ. ನನ್ನ ಗೊಂಬೆಯೂ ಅವಳೇ, ನೋಡೋಕೆ ಬಂದವಳೂ ಅವಳೊಬ್ಬಳೇ.”

ಅವಳು ಬಂದವಳಲ್ಲ, ಹೋಗಲಾಗದೆ ಉಳಿದವಳು ಎಂಬ ಉತ್ತರ ಬಾಯಿಯವರೆಗೆ ಬಂದಿತ್ತು. ಬಟ್ಟೆಯನ್ನು ಸಿಂಕಿಗೆ ಹಾಕಿ ಬಂದು, ಮಹಾರಾಣಿಯ ಪಕ್ಕದಲ್ಲಿ ಕುಂಕುಮಕ್ಕೆ ಹಣೆಯೊಡ್ಡಿ ನಿಂತೆ.