ಹೊಸ್ತಿಲು ಹೊತ್ತ ಪಾದ್ರಿಗಳು

ಪಾದ್ರಿಗಳ ಅಂಗೈಗಳು ಸುಣ್ಣ ಕಲಸಿ ಕಲಸಿ ಬೇಸಿಗೆಯ ಎರೆಹೊಲದಂತೆ ಬಿರುಕುಬಿಟ್ಟಿದ್ದವು. ಆಶೀರ್ವದಿಸಲು ತಲೆಯ ಮೇಲಿಟ್ಟರೆ ಮಕ್ಕಳ ಕೂದಲು ಅವುಗಳಿಗೆ ಸಿಕ್ಕಿಕೊಳ್ಳುತ್ತಿತ್ತು.

ಆಂಧ್ರ ರಾಜ್ಯವಾದ ಹೊಸದರಲ್ಲಿ, ಕೌತಾಳಂ ಕಡೆಯ ಹೊಳೆದಂಡೆಯ ಊರೊಂದನ್ನು ತುಂಗಭದ್ರೆಯ ಪ್ರವಾಹ ಕೊಚ್ಚಿಕೊಂಡು ಹೋಯಿತು. ನಾನು ಅಲ್ಲಿ ಶಾಲಾ ಮಾಸ್ತರನಾಗಿದ್ದೆ. ಜೋಳ, ಬಟ್ಟೆ ಹಂಚಲು ಬಂದವರೆಲ್ಲ ತಿಂಗಳೊಳಗೆ ಮರಳಿದರು. ಉಳಿದವರು ಇಬ್ಬರೇ: ಆದೋನಿಯ ಚರ್ಚಿನಿಂದ ಬಂದ ಪಾದ್ರಿಗಳು ಮತ್ತು ಸರ್ಕಾರದ ಓವರ್ಸಿಯರರು. ಹೊಸ ಮನೆಗಳಿಗೆ ದಿಬ್ಬದ ಮೇಲಿನ ಜಾಗವೂ ಕಲ್ಲೂ ಸರ್ಕಾರದವು. ಸುಣ್ಣವೂ ಕೂಲಿಯೂ ಚರ್ಚಿನವು. ಎಂದು ಹೊರಡುವಿರೆಂದು ಕೇಳಿದವರಿಗೆ ಪಾದ್ರಿಗಳು, "ನೀರು ಅವಸರದಾಗ ಬಂದು ಹೋತು. ನಮಗೇನ್ ಅವಸರ ಐತ್ರಿ?" ಎನ್ನುತ್ತಿದ್ದರು.

"ನಿಮ್ಮ ದೇವರು ಆರು ದಿನದಾಗ ಲೋಕಾನ ಕಟ್ಟಿದನಂತ. ನಮ್ಮ ಮನಿಗೋಳಿಗೆ ಮೂರನೇ ವರ್ಷ ನಡದೈತಲ್ರಿ!" ಎಂದು ಓವರ್ಸಿಯರರು ಒಮ್ಮೆ ಕೆಣಕಿದರು.

"ಆತಗ ಮ್ಯಾಲಿನವರ ಮಂಜೂರಿ ಬೇಕಾಗಿದ್ದಿಲ್ರಿ," ಎಂದರು ಪಾದ್ರಿಗಳು.

ದಿಬ್ಬಕ್ಕೆ ಬಾರದೆ ಉಳಿದವಳು ಒಬ್ಬ ವಿಧವೆ ಮಾತ್ರ. ಅವಳ ಒಬ್ಬಳೇ ಮಗಳು ಪ್ರವಾಹದಲ್ಲಿ ಹೋಗಿದ್ದಳು, ದೇಹ ಸಿಕ್ಕಿರಲಿಲ್ಲ. ದಂಡೆಯ ಮೇಲಿನ ಅವಳ ಮನೆಯ ಗೋಡೆಗಳು ವಾಲಿದ್ದವು. ಇನ್ನೊಂದು ಮಳೆಗಾಲವನ್ನು ಅವು ತಾಳುವಂತಿರಲಿಲ್ಲ.

"ಆಕಿ ಬಂದ್ರ ಯಾವ ಬಾಗಿಲಿಗೆ ಬರಬೇಕ್ರಿ, ಅಯ್ಯಾ? ಮ್ಯಾಲ ಎಲ್ಲಾ ಒಂದ ತರ ಅದಾವ," ಎಂದಳು, ಕರೆಯಲು ಬಂದ ಪಾದ್ರಿಗಳಿಗೆ.

ಮಗಳು ಬರುವಳೆಂದಾಗಲಿ ಬಾರಳೆಂದಾಗಲಿ ಪಾದ್ರಿಗಳು ಹೇಳಲಿಲ್ಲ. ಮರುದಿನ ಹಾರೆ ಹಿಡಿದು ಹೋದರು. "ಈ ಬಾಗಿಲಾನ ಮ್ಯಾಲ ಕೂಡಿಸಿದ್ರ ಗುರ್ತು ಹಿಡಿತಾಳೇನವ್ವಾ?"

ಅವಳು ಹೊಳೆಯ ಕಡೆ ನೋಡಿ, ಹೂಂ ಎಂದು ತಲೆಯಾಡಿಸಿದಳು. ಅರಿಸಿನದ ಗುರುತಿದ್ದ ಹೊಸ್ತಿಲ ಸಮೇತ ಚೌಕಟ್ಟನ್ನು ಪಾದ್ರಿಗಳು ಮೆಲ್ಲಗೆ ಬಿಡಿಸಿದರು.

"ಇದು ನಮ್ಮ ಅಳತಿಗೆ ಕೂಡಂಗಿಲ್ರಿ," ಎಂದರು ಓವರ್ಸಿಯರರು.

"ಹಂಗಾರ ಗ್ವಾಡಿ ಒಡೀರಿ."

"ಕಟ್ಟಿದಾಂವ ನಾನ, ಒಡಿಯಾಂವನೂ ನಾನ. ಸರೇ, ಪದಂಡಿ, ನಡೀರಿ!" ಎಂದು ತೆಲುಗು ಬೆರೆಸಿ ಹೇಳುತ್ತ ಓವರ್ಸಿಯರರು ಚೌಕಟ್ಟಿನ ಇನ್ನೊಂದು ತುದಿಗೆ ಹೆಗಲು ಕೊಟ್ಟರು.

"ಕಾಲು ತಾಕಿಸಬ್ಯಾಡ್ರೀ! ಏಸಪ್ಪನ ಮಂದಿಗೂ ಸರ್ಕಾರದ ಮಂದಿಗೂ ಹೊಸ್ತಿಲದ ಮಡಿ ಏನ್ ಗೊತ್ತೈತಿ!" ಎಂದು ಇಬ್ಬರನ್ನೂ ಗದರುತ್ತ, ವಿಧವೆ ಹಿಂದೆಯೇ ದಿಬ್ಬವೇರಿದಳು.

ಆ ಬಾಗಿಲನ್ನು ಅವಳು ಹಗಲಿನಲ್ಲಿ ಎಂದೂ ಮುಚ್ಚಲಿಲ್ಲ. ಮನೆಗಳೆಲ್ಲ ಮುಗಿದ ಮೇಲೂ ಪಾದ್ರಿಗಳು ಊರು ಬಿಡಲಿಲ್ಲ. ಪ್ರತಿ ಬೇಸಿಗೆಯಲ್ಲಿ ತಾವೇ ಮಾಳಿಗೆಗಳನ್ನೇರಿ, ಸೋರದಂತೆ ಹೊಸ ಮಣ್ಣು ಹಾಕಿಸುತ್ತಿದ್ದರು. ಕೆಲವು ವರ್ಷಗಳ ಬಳಿಕ ಜ್ವರ ಬಂದು ಅಲ್ಲಿಯೇ ತೀರಿಕೊಂಡರು.

ಊರಿಗೆ ಊರೇ ಅವರ ಶವಪೆಟ್ಟಿಗೆಯ ಹಿಂದೆ ಹೊರಟಾಗ ವಿಧವೆ ನನ್ನನ್ನು ತಡೆದಳು.

"ಮಾಸ್ತರ, ನಾ ಅಯ್ಯನ ಮಣ್ಣಿಗೆ ಹೋಗಿಬರ್ತೀನಿ. ಅಷ್ಟರಾಗ ಮಗಳು ಬಂದ್ರ ಕುಂದ್ರಸ್ರಿ."

ಪಾದ್ರಿಗಳ ಮಣ್ಣಿಗೆ ನಾನು ಹೋಗಲಿಲ್ಲ. ಅವಳು ಮರಳುವವರೆಗೆ ಆ ಬಾಗಿಲಲ್ಲಿ ಕುಳಿತಿದ್ದೆ.