ಹೊಡೆದುಹಾಕದ ಸಾಲು

ನನ್ನ ಯಜಮಾನರು ದರ್ಜಿ. ಮೊದಲು ಸೀಮೆಸುಣ್ಣದ ಗುರುತು, ಆಮೇಲೆ ಕತ್ತರಿ ಎನ್ನುವವರು. ಡೈರಿಯನ್ನೂ ಹಾಗೆಯೇ ಬರೆಯುತ್ತಿದ್ದರು. ಅಂಗಡಿ ಮುಚ್ಚಿ ಬಂದು ನಾಳೆಯ ಕೆಲಸಗಳನ್ನು ಇಂದೇ ಬರೆದಿಡುವರು. ಮುಗಿದಂತೆಲ್ಲ ಒಂದೊಂದೇ ಸಾಲು ಹೊಡೆದುಹಾಕುವರು.

ಅವರು ಹೋಗಿ ವರ್ಷ ತುಂಬಿದ ಮೇಲೆ ಮಗಳು ಟ್ರಂಕು ತೆರೆದಳು. “ಅಮ್ಮಾ, ಗುಜರಿಯವನು ಬಂದಿದ್ದಾನೆ. ಅಪ್ಪನ ಡೈರಿಗಳನ್ನ ಕೊಟ್ಟುಬಿಡ್ಲಾ? ಇನ್ನೂ ಎಷ್ಟು ದಿನ ಗೆದ್ದಲಿಗೆ ಊಟ ಹಾಕ್ತೀಯ?”

“ತಡಿಯೇ, ನಿಮ್ಮಪ್ಪ ಬೈತಾರೆ.”

“ಬದುಕಿದ್ದಾಗಲೇ ಬೈದವರಲ್ಲ, ಈಗ ಬೈತಾರಾ?”

ನನಗೆ ಓದು ಅಷ್ಟಕ್ಕಷ್ಟೆ. ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಕೊನೆಯ ಡೈರಿಯ ಕೊನೆಯ ಪುಟ ಓದಿದೆ. ‘ನಾಳೆ ಇವಳ ರವಿಕೆಯ ತೋಳು ಬಿಚ್ಚಿ ಸಡಿಲ ಮಾಡುವುದು. ದಪ್ಪಗಾಗಿದ್ದೀಯ ಎನ್ನಬಾರದು.’

ಅದನ್ನು ಬರೆದಿಟ್ಟ ಮರುದಿನ ಬೆಳಗ್ಗೆ ಅವರು ಏಳಲೇ ಇಲ್ಲ. ಆ ಸಾಲು ಹಾಗೆಯೇ ಉಳಿದಿದೆ. ಮನೆಯಲ್ಲಿದ್ದ ಹೊಲಿಗೆ ಮಿಷನ್ನನ್ನು ಅವರು ಹೋದ ಮೇಲೆ ಮಾರಿಬಿಟ್ಟಿದ್ದೆವು. ಆದರೂ ಅದರ ಸದ್ದು ಮಧ್ಯಾಹ್ನದ ಹೊತ್ತು ನನಗೆ ಒಳಕೋಣೆಯಿಂದ ಯಾಕೆ ಕೇಳಿಸುತ್ತದೆಂದು ಆಗ ತಿಳಿಯಿತು.

ಪೆನ್ಸಿಲ್ ಹಿಡಿದೆ. ಆ ಸಾಲನ್ನು ಹೊಡೆದುಹಾಕಿದರೆ ಸದ್ದು ನಿಂತುಹೋಗುತ್ತದೆ ಅನ್ನಿಸಿತು. ಅದಕ್ಕೇ ಕೈ ಬರಲಿಲ್ಲ.

“ಉಳಿದದ್ದೆಲ್ಲ ಕೊಟ್ಟುಬಿಡು. ಇದೊಂದು ಇರಲಿ ಕಣೇ, ಅವರ ಕೆಲಸ ಇನ್ನೂ ಬಾಕಿ ಇದೆ” ಎಂದೆ.