ಅಕ್ಕಿಯ ಮೇಲೆ ಬರೆದ ಹೆಸರು

ನೋಟರಿಯವನು ಮೊಹರಿನ ಪ್ಯಾಡಿನ ಮುಚ್ಚಳ ತೆಗೆದದ್ದೇ ತಡ, ನೇರಳೆ ಮಸಿಯ ವಾಸನೆ ಮೂಗಿಗೆ ಬಡಿಯಿತು. ಕಳೆದ ವಾರದ ಮಾತು. ಸೊಸೆಯನ್ನು ಕರೆದುಕೊಂಡು ಕಚೇರಿಗೆ ಹೋಗಿದ್ದೆ. ಮದುವೆಯಾಗಿ ನಾಲ್ಕು ತಿಂಗಳು. ತವರಿನ ಅಡ್ಡಹೆಸರು ತೆಗೆಸಿ ನಮ್ಮ ಮನೆಯ ಅಡ್ಡಹೆಸರು ಹಾಕಿಸುವ ಅಫಿಡವಿಟ್ಟು ಟೈಪಾಗಿ ಅವಳ ಮುಂದಿತ್ತು. ಅವಳ ಹೆಬ್ಬೆರಳು ಮಸಿಯ ಹತ್ತಿರ ಹೋಯಿತು. ನನಗೆ ಮಾತ್ರ ಕಂಡದ್ದು ಇನ್ನೊಂದು ಹೆಬ್ಬೆರಳು... ಅರಿಶಿನ ಹತ್ತಿ ಹಳದಿಯಾದ, ಉಗುರು ಸೀಳಿದ ಮುದಿ ಹೆಬ್ಬೆರಳು. ಕಾಕುವಿನದು.

ನಮ್ಮ ಧಾರವಾಡದ ಕಡೆ ಚಿಕ್ಕಪ್ಪನ ಹೆಂಡತಿಗೆ ಕಾಕು ಅನ್ನುತ್ತೇವೆ. ಕಾಶಿಯಲ್ಲಿ ನನಗೆ ಚಿಕ್ಕಪ್ಪನೂ ಇರಲಿಲ್ಲ, ಅವನ ಹೆಂಡತಿಯೂ ಇರಲಿಲ್ಲ. ಬಂಗಾಲಿ ಟೋಲಾದ ಗಲ್ಲಿಯಲ್ಲಿ ಎದುರಿನ ಮಹಡಿಯಲ್ಲಿದ್ದ ವಿಧವೆಯನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯೋಣವೆಂದರೆ ಯಾವುದನ್ನು ಬರೆಯಲಿ?

ಯಾತ್ರೆಯ ಬಸ್ಸಿನಲ್ಲಿ ಅಡುಗೆಯವಳಾಗಿ ಬಂದು ಇಲ್ಲೇ ಉಳಿದವಳು ನಾನು. ಕೈಯಲ್ಲೊಂದು ಸೌಟು, ಬಾಯಲ್ಲಿ ಮುರುಕು ಹಿಂದಿ, ಅಷ್ಟೇ. ಕಾಕು ತಮ್ಮ ಅಡುಗೆಮನೆಯ ಅರ್ಧವನ್ನು ನನಗೆ ಬಿಟ್ಟುಕೊಟ್ಟರು. ಅಲ್ಲಿ ಯಾತ್ರಿಕರಿಗೆ ಅನ್ನ-ಸಾರು ಮಾಡಿದೆ, ಅವರ ಜೊತೆ ಹೋಗಿ ದೋಣಿಯವರೊಡನೆ, ಸೀರೆಯವರೊಡನೆ ಚೌಕಾಸಿ ಮಾಡಿದೆ. ಈಗ ಅದೇ ಗಲ್ಲಿಯಲ್ಲಿ ನನ್ನದೊಂದು ಲಾಡ್ಜಿದೆ. ಅದರ ಪಾಯ ಆ ಅರ್ಧ ಅಡುಗೆಮನೆ.

ಕಾಕುವಿನ ತಂದೆ ಕಾಶಿಯಲ್ಲೇ ನೆಲೆಸಿದ ನಮ್ಮ ಕಡೆಯ ಕನ್ನಡದವರು, ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರು. ಇಂಥ ಮನೆಗಳಲ್ಲಿ ಒಂದು ದಪ್ಪ ಬಹಿ, ಅಂದರೆ ದಾಖಲೆ ಪುಸ್ತಕ, ಇರುತ್ತದೆ. ಯಾವ ಊರಿನ ಯಾವ ಮನೆತನ ಯಾವಾಗ ಬಂತು, ಯಾರಿಗೆ ಪಿಂಡ ಹಾಕಿತು, ಮನೆಯಲ್ಲಿ ಮಕ್ಕಳೆಷ್ಟು, ಎಲ್ಲ ಅದರಲ್ಲಿ. ಯಜಮಾನರು, ಅಂದರೆ ಕರ್ಮ ಮಾಡಿಸುವ ಆ ಮನೆತನದವರು, ಬಂದು 'ನಮ್ಮ ಪುಟ ತೋರಿಸಿ' ಎಂದರೆ ಇಲ್ಲವೆನ್ನುವ ಹಾಗಿಲ್ಲ. ಅದು ಈ ಕಸುಬಿನ ಮರ್ಯಾದೆ. ತಾಯಿಯಿಲ್ಲದ ಒಬ್ಬಳೇ ಮಗಳು ಹತ್ತನೇ ವಯಸ್ಸಿನಿಂದ ಅಪ್ಪನ ಬಹಿಗೆ ಬರೆದುಕೊಟ್ಟಳು. ನೂರಾರು ಮನೆತನಗಳ ಹೆಸರುಗಳು ಅವಳ ಕೈಯಿಂದ ಹೋಗಿವೆ.

ಆಮೇಲೆ ಮದುವೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರು ಬರೆದ. ಅಡ್ಡಹೆಸರಷ್ಟೇ ಅಲ್ಲ, ಇಡೀ ಹೆಸರೇ ಬದಲು. ಎಲ್ಲರೂ ಅಕ್ಷತೆ ಹಾಕಿದರು, ಉಂಡರು. ಅಕ್ಕಿಯನ್ನು ಮರುದಿನ ಪಾಯಸಕ್ಕೆ ಹಾಕಿದರಂತೆ. ದಾಖಲೆ ಅಲ್ಲಿಗೆ ಮುಗಿಯಿತು! ಮದುವೆ ನೋಂದಣಿಯಿಲ್ಲ, ಒಂದು ಚೂರು ಕಾಗದವಿಲ್ಲ. ರೇಷನ್ ಕಾರ್ಡು, ಮತದಾರರ ಚೀಟಿ, ಆಧಾರ್ ಎಲ್ಲದರಲ್ಲೂ ಅಕ್ಕಿಯ ಮೇಲಿನ ಹೆಸರೇ ಕೂತಿತು. ಮನೆಅಳಿಯನಾಗಿ ಬಂದಿದ್ದ ಗಂಡ ಬೇಗ ಹೋದ. ಅವನಿಟ್ಟ ಹೆಸರು ಉಳಿಯಿತು.

ಅಪ್ಪ ಮಾತ್ರ ಕೊನೆಯವರೆಗೂ ಮಗಳನ್ನು ಹುಟ್ಟಿದ ಹೆಸರಿನಿಂದಲೇ ಕರೆದರು. ಎರಡು ಕೋಣೆ, ಮೇಲಿನ ಚಾವಣಿ ಅವಳಿಗೆಂದು ಉಯಿಲು ಬರೆಸಿದಾಗಲೂ ಬಾಯಿಗೆ ಬಂದದ್ದು ಆ ಹೆಸರೇ. ಅವರು ತೀರಿಕೊಂಡ ಮೇಲೆ ಕಸುಬೂ ಬಹಿಯೂ ಕಾಕುವಿಗೆ ತಮ್ಮನಾಗಬೇಕಾದ ಚಿಕ್ಕಪ್ಪನ ಮಗನ ಪಾಲಾದವು. ಕೋಣೆಗಳೂ ತನಗೇ ಸೇರಬೇಕೆಂದು ಅವನು ಕೋರ್ಟಿಗೆ ಬರೆದುಕೊಟ್ಟ ಮಾತು ಕೇಳಿ: ಉಯಿಲಿನಲ್ಲಿರುವ ಹೆಸರಿನ ಹೆಂಗಸು ಯಾರೆಂದು ತನಗೆ ಗೊತ್ತಿಲ್ಲ, ಮಹಡಿಯಲ್ಲಿರುವ ವಿಧವೆ ಬೇರೆ ಯಾರೋ! ಅದೇ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು "ಅಕ್ಕಾ, ಚಹಾ ಆತೇನು?" ಎಂದು ಕೂಗಿ ಬಟ್ಟಲು ತುಂಬಿಸಿಕೊಂಡು ಹೋದವನು ಅವನು. ನಾನೇ ಕಿವಿಯಾರೆ ಕೇಳಿದ್ದೇನೆ. ಇಂದಿಗೂ ನೆನಪಾದರೆ ಮೈ ಉರಿಯುತ್ತದೆ.

ಕಾಕುವನ್ನು ನೋಟರಿಯ ಹತ್ತಿರ ಕರೆದೊಯ್ದವಳು ನಾನೇ. ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್ಟು. ಮುತ್ತಿನಂಥ ಅಕ್ಷರದವರಿಗೆ ಸಹಿ ಸಾಲದೆಂದು ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರು. ಮಸಿ ಒರೆಸಿಕೊಳ್ಳುತ್ತಾ ಅವರೆಂದರು:

"ನಾನು ನಾನ ಅಂತ ಸರಕಾರಕ್ಕ ಆಣಿ ಮಾಡಿ ಹೇಳಬೇಕಂತ ನೋಡವಾ. ಹಂಗಾರ ಇಷ್ಟು ವರ್ಷ ಅವನ ಕೈಗೆ ರಾಖಿ ಕಟ್ಟಿದಾಕಿ ಯಾರು, ದೆವ್ವಾ?"

ನಕ್ಕೆವು. ಆದರೆ ಕಾಕುವಿನ ವಕೀಲರು ನಗಲಿಲ್ಲ. ಇದು ಅವರೇ ಹೇಳಿಕೊಂಡ ಮಾತಾಯಿತು, ಸಾಕ್ಷಿ ಬೇಕು ಎಂದರು. ಮದುವೆಯಲ್ಲಿ ಉಂಡವರ ಬಾಗಿಲು ಬಾಗಿಲು ತಿರುಗಿದೆ. ಕಾಕುವಿನ ಸಂಡಿಗೆ ಸುತ್ತಮುತ್ತಲ ಎಲ್ಲ ಕನ್ನಡ ಮನೆಗಳಿಗೂ ಹೋಗುತ್ತಿತ್ತು. ಆದರೆ ಸಹಿ? "ಅವರ ಮನಿ ಜಗಳದಾಗ ನಾವ್ಯಾಕ ಬೀಳೂಣವಾ" ಎಂದವರು ಒಬ್ಬರಲ್ಲ. ಅಕ್ಷತೆ ಹಾಕುವಾಗ ಎತ್ತಿದ ಕೈ ಸಹಿಗೆ ಏಳಲಿಲ್ಲ.

ಆಗ ಕಾಕುವಿಗೆ ಒಂದು ಸಂಗತಿ ನೆನಪಾಯಿತು. ಮದುವೆಯ ದಿನ ಬೆಳಿಗ್ಗೆ ಹಾವೇರಿ ಕಡೆಯ ಒಂದು ಕುಟುಂಬ ಶ್ರಾದ್ಧಕ್ಕೆ ಬಂದಿತ್ತು. ಮದುಮಗಳಿಗೆ ತಾಯಿಯಿಲ್ಲವೆಂದು ತಿಳಿದು ಆ ಮನೆಯ ಅಜ್ಜಿ ತಾನೇ ಮುಂದೆ ನಿಂತು ಆರತಿ ಎತ್ತಿದಳು. ಅಪ್ಪ ಕಣ್ಣೀರು ಹಾಕಿ, ಅದನ್ನು ಅವರ ಪುಟದಲ್ಲಿ ಬರೆದಿಟ್ಟಿದ್ದರು. ಆ ಪುಟ ಬಹಿಯಲ್ಲಿದೆ. ಬಹಿ ಆ ತಮ್ಮನ ಪೆಟ್ಟಿಗೆಯಲ್ಲಿದೆ. ಇದೆ ಎಂದು ಕೋರ್ಟಿನಲ್ಲಿ ಬಾಯಿಬಿಟ್ಟರೆ ಪುಟ ಹರಿದುಹೋಗುವುದು ಖಂಡಿತ.

ಎರಡು ವರ್ಷ ನಾನು ಲಾಡ್ಜಿಗೆ ಬಂದ ಹಾವೇರಿ ಕಡೆಯ ಪ್ರತಿಯೊಬ್ಬರನ್ನೂ ಆ ಮನೆತನದ ಬಗ್ಗೆ ವಿಚಾರಿಸಿದೆ. ಕೊನೆಗೆ ಸುಳಿವು ಸಿಕ್ಕಿತು, ಫೋನು ಮಾಡಿದೆ. ಆರತಿ ಎತ್ತಿದ ಅಜ್ಜಿಯ ಮೊಮ್ಮಗ, ಐವತ್ತರ ಮೇಷ್ಟರು, ತಂದೆಯ ಅಸ್ಥಿ ತೆಗೆದುಕೊಂಡು ಬಂದರು. ಅವರನ್ನು ಅಸ್ಸಿ ಘಾಟಿನ ಚಹಾದಂಗಡಿಯಲ್ಲಿ ಕೂರಿಸಿ ನನ್ನ ಕಸುಬಿನ ಗುಟ್ಟು ಹೇಳಿದೆ: ಬೇಕಾದ ಸೀರೆಯ ಕಡೆ ಮೊದಲು ಕಣ್ಣು ಹಾಕಬಾರದು. ಅವರು ಹಾಗೇ ಮಾಡಿದರು. ಮೊದಲು ಮುತ್ತಜ್ಜನ ಪುಟ, ಆಮೇಲೆ ಅಜ್ಜನದು, ನಡುನಡುವೆ ಬಹಿಯ ಹೊಗಳಿಕೆ. ಕಾಕುವಿನ ತಮ್ಮ ಉಬ್ಬಿಹೋಗಿ ತಾನೇ ಮುಂದಿನ ಪುಟ ತಿರುವಿದ. ಅದರಲ್ಲಿತ್ತು, ಅಪ್ಪನ ಕೈಬರಹ: ಈ ದಿನ ನನ್ನ ಮಗಳ ಲಗ್ನ, ಇಂಥ ಹೆಸರಿನವಳಿಗೆ ಇಂಥ ಹೆಸರಿಟ್ಟರು, ಯಜಮಾನರ ಮನೆಯ ಹಿರಿಯಾಕೆ ತಾಯಿಯಾಗಿ ನಿಂತರು. ಕೆಳಗೆ ಹೊಸ ಹೆಸರಿನಲ್ಲಿ ಮದುಮಗಳ ಸಹಿ.

ಮೇಷ್ಟರು ಫೋಟೊ ತೆಗೆದುಕೊಂಡರು. ಅವರ ಮನೆತನದ ಪುಟ, ಬೇಡ ಎನ್ನುವವರು ಯಾರು? ಆ ಫೋಟೊ, ಮೇಷ್ಟರ ಹೇಳಿಕೆ ಎರಡನ್ನೂ ಇಟ್ಟಮೇಲೆ ನ್ಯಾಯಾಧೀಶರು ಬಹಿಯನ್ನೇ ತರಿಸಿದರು. ಕೋಣೆಗಳು ಕಾಕುವಿನವೇ ಎಂದು ಆದೇಶವಾಯಿತು. ಅದರಲ್ಲಿ ಅವರನ್ನು ಬರೆದದ್ದು ಹೀಗೆ: ಹುಟ್ಟಿದ ಹೆಸರು, 'ಉರ್ಫ್', ಅಕ್ಕಿಯ ಹೆಸರು. ಅಲ್ಲ, ಕದ್ದು ಸಿಕ್ಕಿಬಿದ್ದವರ ಹೆಸರಿನ ನಡುವೆ ಹಾಕುವ ಹಾಗೆ!

ಹೆಣ್ಣುಮಕ್ಕಳಿಗೆ ಹೇಳುತ್ತೇನೆ, ಕೇಳಿಸಿಕೊಳ್ಳಿ. ಗಂಡನ ಅಡ್ಡಹೆಸರು ಹಾಕಿಕೊಳ್ಳಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ. ಯಾರಾದರೂ ಹೇಳಿದರೆ, ಎಲ್ಲಿ ಬರೆದಿದೆ ತೋರಿಸಿ ಎನ್ನಿ. ನಿಮಗೇ ಇಷ್ಟವಿದ್ದರೆ ಬದಲಾಯಿಸಿಕೊಳ್ಳಿ, ಆದರೆ ಮದುವೆಯನ್ನು ನೋಂದಾಯಿಸದೆ ಒಂದು ಅಕ್ಷರ ಮುಟ್ಟಬೇಡಿ. ಹಳೇ ಹೆಸರನ್ನೂ ಹೊಸದನ್ನೂ ಜೋಡಿಸುವ ಕಾಗದ ನಿಮ್ಮ ಟ್ರಂಕಿನಲ್ಲಿರಲಿ, ಅತ್ತೆಯ ಕಪಾಟಿನಲ್ಲಲ್ಲ.

ಆದೇಶ ಬಂದ ವಾರ ಚಾವಣಿಯಲ್ಲಿ ಸಂಡಿಗೆ ಇಡುತ್ತಿದ್ದೆವು. ಕಾಕು ತಲೆಯೆತ್ತದೆ ಅಂದರು: "ಅಪ್ಪ ಹೋದ ಮ್ಯಾಲೆ ಆ ಹೆಸರಿಲೆ ನನ್ನ ಯಾರೂ ಕರದಿಲ್ಲವಾ. ನೀ ಒಮ್ಮೆ ಕರಿ ನೋಡೂಣು."

"ಹಿರೇರನ್ನ ಹೆಸರು ಹಿಡದು ಕರೀಲೇನು? ಛೀ, ಬಿಡ್ರಿ ಕಾಕು" ಎಂದೆ. ಅವರೂ ನಕ್ಕು, ಒಣಗಿದ ಸಂಡಿಗೆಗಳನ್ನು ತಿರುವಿಹಾಕಿದರು...

ಮುಂದಿನ ಚಳಿಗಾಲದಲ್ಲಿ ಅವರು ಹೋದರು. ಕೋಣೆಗಳನ್ನು ಒಂಟಿಯಾಗಿ ಬರುವ ಯಾತ್ರಿಕ ಹೆಂಗಸರಿಗೆಂದು ನನ್ನ ಉಸ್ತುವಾರಿಗೆ ಬರೆದಿಟ್ಟಿದ್ದರು. ನಾನು ಹೇಳಿಕೊಟ್ಟಂತೆ, ಎರಡೂ ಹೆಸರಿನಲ್ಲಿ. ಆದರೆ ಘಾಟಿನಲ್ಲಿ ಸತ್ತವರ ಹೆಸರು ಬರೆಸುವಾಗ ಆ ತಮ್ಮನೇ ಮುಂದೆ ಬಂದು ಅಕ್ಕಿಯ ಹೆಸರು ಹೇಳಿ, ಇಂಥವರ ಹೆಂಡತಿ ಎಂದ. ನಾನು ನುಗ್ಗಿ ಇನ್ನೊಂದು ಹೆಸರು ಹೇಳಿದೆ. ಗುಮಾಸ್ತ ತಲೆ ಕೂಡ ಎತ್ತಲಿಲ್ಲ. "ಆಧಾರ್ ಮೇ ಜೋ ಹೈ, ವಹೀ." ಆಧಾರಿನಲ್ಲಿದ್ದದ್ದೇ ಬರೆಯುವುದಂತೆ. ಕೋರ್ಟಿನ ಆದೇಶ ಕಾಕುವಿನ ಟ್ರಂಕಿನಲ್ಲಿತ್ತು. ನಾನು ತಂದಿರಲಿಲ್ಲ. ಊರಿಗೆಲ್ಲ ಕಾಗದದ ಬುದ್ಧಿ ಹೇಳುವವಳು, ನಾನು ತಂದಿರಲಿಲ್ಲ.

ಇದೆಲ್ಲ ಆ ಮಸಿಯ ವಾಸನೆಯಲ್ಲಿ ಬಂದು ಹೋಯಿತು. ಸೊಸೆಯ ಕೈ ಹಿಡಿದು ನಿಲ್ಲಿಸಿದೆ. ಅವಳು ಇಲ್ಲೇ ಕಾಶಿಯ ಭೇಲೂಪುರದಲ್ಲಿ ಹುಟ್ಟಿ ಬೆಳೆದವಳು, ಅಲ್ಲಿನ ಕ್ಲಿನಿಕ್ಕೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸ.

"ಇದನ್ನ ಯಾಕ ಮಾಡಸಾಕತ್ತಿ?" ಎಂದು ರೇಗಿದೆ.

"ಮಮ್ಮೀ, ನೀವೇ ತೋ ಹೇಳಿದ್ರಿ! ಮದುವೆ ದಿನ, ಸಬ್ ಕೇ ಸಾಮ್ನೇ, ಎಲ್ಲರ ಎದುರಿಗೆ. ಇನ್ನು ಮೇಲೆ ನಮ್ಮ ಹೆಸರೇ ಅಂತ."

ಹೇಳಿದ್ದೆ. ಸಂಭ್ರಮದಲ್ಲಿ, ದೊಡ್ಡಸ್ತಿಕೆಯಲ್ಲಿ, ಕಾಕುವನ್ನು ಪೂರ್ತಿ ಮರೆತು ಹೇಳಿದ್ದೆ. ಅಷ್ಟು ವರ್ಷ ಆ ತಮ್ಮನ ಮೇಲೆ, ಅಕ್ಷತೆ ಹಾಕಿದವರ ಮೇಲೆ ಹಲ್ಲು ಕಡಿದವಳು ನಾನು.

"ನಿನಗ ಬೇಕೇನು?"

ಅವಳು ಹೆಬ್ಬೆರಳನ್ನೇ ನೋಡುತ್ತಾ ಅಂದಳು: "ನನಗೆ ಯಾರೂ ಕೇಳೇ ಇಲ್ಲ."

"ಮಾತಾಜಿ, ಮುಹರ್ ಲಗಾಊಂ ಕಿ ನಹೀಂ?" ಮೊಹರು ಒತ್ತಲೋ ಬೇಡವೋ ಎಂದು ನೋಟರಿ ಗೊಣಗಿದ. ಕಾಗದವನ್ನು ಮಡಚಿ ಅವಳ ಚೀಲದಲ್ಲಿಟ್ಟೆ. ಬೇಕೆನಿಸಿದ ದಿನ ಅವಳೇ ಬರಲಿ, ಬೇಡವೆನಿಸಿದರೆ ಹರಿಯಲಿ.

ಹೊರಗೆ ಆಟೊಗಳ ಗದ್ದಲ. ಅವಳು ಬೇಗ ಬೇಗ ಹೆಜ್ಜೆ ಹಾಕಿ ಗುಂಪಿನಲ್ಲಿ ಮುಂದೆ ಹೋಗಿಬಿಟ್ಟಳು. ನಾನು ಅಲ್ಲೇ ನಿಂತು ಗಟ್ಟಿಯಾಗಿ ಅವಳ ಹೆಸರು ಹಿಡಿದು ಕರೆದೆ, ಅವಳಪ್ಪನ ಮನೆಯ ಅಡ್ಡಹೆಸರನ್ನೂ ಸೇರಿಸಿ. ಥಟ್ಟನೆ ತಿರುಗಿ ನೋಡಿದಳು.

ಅವತ್ತು ಚಾವಣಿಯಲ್ಲಿ ಕರೆದಿದ್ದರೆ ಕಾಕುವೂ ಹೀಗೇ ತಿರುಗಿ ನೋಡುತ್ತಿದ್ದರು...